ಕಿಟಕಿಯ ತೇವ, ಸೆಲ್ವಕ್ಕನ ಕನಕಾಂಬರ

ಗೆಳೆಯರೇ, ಇವತ್ತು ತಾರಸಿ ಹತ್ತಿದವಳು ತಲೆ ತಗ್ಗಿಸಿ ಇಳಿದೆ.

ನಮ್ಮ ಕಿಟಕಿಯ ಸುತ್ತ ಗೋಡೆ ತೇವವಾಗಲು ಮಹಡಿಮನೆ ಸೆಲ್ವಕ್ಕನ ಕನಕಾಂಬರದ ಕುಂಡಗಳೇ ಕಾರಣವೆಂದು ಹೋದ ತಿಂಗಳು ಜಗಳವಾಡಿ ತೆಗೆಸಿದ್ದೆ. ಗೋಡೆ ಒಣಗಲೇ ಇಲ್ಲ. ಇವತ್ತು ನೋಡಿದರೆ ನಮ್ಮದೇ ಟ್ಯಾಂಕ್ ತುಂಬಿ, ನೀರು ನೇರವಾಗಿ ಕಿಟಕಿಯ ಮೇಲೆ ಇಳಿಯುತ್ತಿದೆ. ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ಬಾಲ್ ಮೇಲೇಳದಂತೆ ಯಾರೋ ಹಳೇ ಬಟ್ಟೆಯಲ್ಲಿ ಕಟ್ಟಿಹಾಕಿದ್ದಾರೆ.

ಅತ್ತೆಯನ್ನು ಕೇಳಿದೆ.

"ನಾನೇ ಕಣಮ್ಮ. ಬೇತಮಂಗಲ ಕೆರೆ ನೀರು ನಲ್ಲೀಲಿ ಬರೋದೇ ಅಪ್ರೂಪ, ಪೂರ್ತಿ ತುಂಬ್ಲಿ ಅಂತ ಕಟ್ದೆ."

ಸೆಲ್ವಕ್ಕನ ಮನೆಗೆ ಹೋಗಿ, ತಪ್ಪಾಯಿತು, ಕುಂಡಗಳನ್ನು ವಾಪಸ್ ತರಿಸಿ ಎಂದೆ.

"ಎಲ್ಲಿಂದ ತರ್ಸ್ಲಮ್ಮ? ಬಂಗಾರಪೇಟೆ ತಂಗಿ ಮನೇಗೆ ಕಳ್ಸಿದ್ದೆ. ಅಲ್ಲಿ ನೀರಿಲ್ದೆ ಎಲ್ಲಾ ಒಣಗೋದ್ವು."

ನಾವಿಲ್ಲಿ ತಿಂಗಳಿಡೀ ಗೋಡೆಗೆ ನೀರು ಹಾಯಿಸುತ್ತಿದ್ದೆವು.