ಟವೆಲ್ಲಿನ ಕೆಳಗಿನ ಆಕಾಶ

ನನ್ನ ಹೆಗಲ ಮೇಲಿನ ಟವೆಲ್ಲನ್ನು ಮನೆಯಾಕೆ ವಾರಕ್ಕೊಮ್ಮೆ ಬಿಸಿನೀರಿಗೆ ಹಾಕುತ್ತಾಳೆ. ಆದರೂ ಅದರೊಳಗಿನ ಎತ್ತಿನ ವಾಸನೆಯಾಗಲಿ, ಶಿಕಾರಿಪುರದ ಸಂತೆಯ ಧೂಳಾಗಲಿ ಪೂರ್ತಿ ಹೋದದ್ದೇ ಇಲ್ಲ. ಹೋಗಲೆಂಬ ಆಸೆಯೂ ನನಗಿಲ್ಲ. ದನದ ದಲ್ಲಾಳಿಗೆ ಟವೆಲ್ಲೆಂದರೆ ಬೆವರೊರೆಸುವ ಬಟ್ಟೆ ಮಾತ್ರವಲ್ಲ. ಅದೇ ಅವನ ಅಂಗಡಿ, ಅದೇ ಅಂಗಡಿಯ ಬಾಗಿಲು. ಮಾರುವವನೂ ಕೊಳ್ಳುವವನೂ ಅದರ ಮರೆಯಲ್ಲಿ ಕೈ ಹಿಡಿದು, ಬೆರಳೊತ್ತಿ, ತುಟಿ ಬಿಚ್ಚದೆ ಬೆಲೆ ಹೇಳಿಕೊಳ್ಳುತ್ತಾರೆ. ಸುತ್ತ ನೂರು ಕಣ್ಣಿದ್ದರೂ ಆ ಮಾತು ಎರಡು ಅಂಗೈಗಳ ನಡುವೆ ಹುಟ್ಟಿ ಅಲ್ಲಿಯೇ ಉಳಿಯುತ್ತದೆ.

ಶಾಲೆಯ ಮೆಟ್ಟಿಲನ್ನು ನಾನು ಬೇಗನೆ ಇಳಿದವನು. ಮನುಷ್ಯರನ್ನು ಓದಿದ್ದು ಈ ಬಟ್ಟೆಯ ಕೆಳಗೆ. ಮುಖ ಸುಳ್ಳು ಹೇಳೀತು, ಕೈ ಹೇಳದು. ಆಸೆಬುರುಕನ ಅಂಗೈ ಬೆವರುತ್ತದೆ, ಅಡಚಣೆಯಲ್ಲಿರುವವನದು ತಣ್ಣಗಿರುತ್ತದೆ, ಕಪಟಿಯದು ಬೇಗ ಜಾರಿಕೊಳ್ಳುತ್ತದೆ. ನೀವು ಎತ್ತು ಕೊಳ್ಳದವರಾದರೂ ಈ ವಿದ್ಯೆಯನ್ನು ಕಲಿತಿಟ್ಟುಕೊಳ್ಳಿ. ಯಾವಾಗ ಉಪಯೋಗಕ್ಕೆ ಬರುತ್ತದೆಂದು ಹೇಳಲಾಗದು. ನನಗದು ಬಂದದ್ದು ಒಬ್ಬ ವಿಮಾನದವನ ವಿಷಯದಲ್ಲಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ತೊಗರ್ಸಿಯಲ್ಲಿದ್ದ ನನ್ನ ತಂಗಿ ಗಂಗಮ್ಮನ ಮಗಳು ವಿಶಾಲಾಕ್ಷಿಗೆ ಸೊರಬದ ಸೀಮೆಯ ಕುಬಟೂರಿನಿಂದ ಒಂದು ಸಂಬಂಧ ಬಂತು. ವರನ ಹೆಸರು ಶಿವಪ್ರಕಾಶ. ಒಕ್ಕಲುತನದ ಮನೆ, ಒಳ್ಳೆಯ ಜನ, ಹುಡುಗಿಗೂ ಅವನು ಮನಸ್ಸಿಗೆ ಬಂದಿದ್ದ. ತೊಡಕೆಂದರೆ ಅವನ ಕಸುಬು. ದೂರದ ಊರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದ ಅವನು ವರ್ಷದಲ್ಲಿ ಕೆಲವು ತಿಂಗಳು ಪರದೇಶಕ್ಕೆ ಹೋಗಿ ವಿಮಾನದ ಪಂದ್ಯ ಆಡುತ್ತಿದ್ದ. ಬಯಲಲ್ಲಿ ನೆಟ್ಟ ಎತ್ತರದ ಕಂಬಗಳ ಸುತ್ತ, ಒಬ್ಬನೇ ಕೂರುವ ಪುಟ್ಟ ವಿಮಾನವನ್ನು ಒಂದು ರೆಕ್ಕೆ ನೆಲಕ್ಕೆ, ಒಂದು ರೆಕ್ಕೆ ಮುಗಿಲಿಗೆ ಮಾಡಿ ತಿರುಗಿಸಬೇಕು. ನಡುವೆ ತಲೆಕೆಳಗಾಗಿ ಉರುಳಬೇಕು. ಎಲ್ಲರಿಗಿಂತ ಬೇಗ ಮುಗಿಸಬೇಕು. ಆ ವರ್ಷವಷ್ಟೇ ಅವನು ಮೊದಲ ಸಲ ಚಾಂಪಿಯನ್ ಆಗಿದ್ದ.

ಗಂಡನನ್ನು ಕಳೆದುಕೊಂಡ ಗಂಗಮ್ಮನಿಗೆ ಇರುವುದೊಂದೇ ಮಗಳು. "ಅಣ್ಣ, ತಲಿ ಕೆಳಗ ಮಾಡ್ಕೊಂಡು ಹಾರೋನಿಗೆ ಕೊಟ್ಟು, ಇನ್ನೊಮ್ಮೆ ಅಂಥಾ ಸುದ್ದಿ ಕೇಳೋಕೆ ಕಾಯ್ಕೊಂಡು ಕೂರ್ಲಾ? ನೀನು ಹೋಗಿ ನೋಡ್ಕೊಂಡು ಬಾ. ನೀನು ಬ್ಯಾಡ ಅಂದ್ರ ಬ್ಯಾಡ" ಎಂದಳು.

ಒಳಗಿನಿಂದ ವಿಶಾಲಾಕ್ಷಿ ಕೂಗಿದಳು: "ಮಾವ, ಬಾಯಿ ತೆರೆಸಿ ಹಲ್ಲು ನೋಡಬ್ಯಾಡ್ರಿ ಮತ್ತ! ಅವರು ಎತ್ತಲ್ಲ."

ಎತ್ತಾಗಲಿ ಅಳಿಯನಾಗಲಿ, ಮುಂಚೆ ಹೇಳದೆ ಹೋಗಿ ನೋಡಬೇಕು. ಹೇಳಿ ಹೋದರೆ ಕೊಂಬಿಗೆ ಎಣ್ಣೆ ಹಚ್ಚಿರುತ್ತಾರೆ. ನಾನು ಕುಬಟೂರು ಮುಟ್ಟಿದಾಗ ಅವನು ಕಣದಲ್ಲಿ ಕಣ್ಣು ಮುಚ್ಚಿಕೊಂಡು, ಅಂಗೈಯನ್ನು ರೆಕ್ಕೆಯಂತೆ ವಾಲಿಸುತ್ತ, ಸರ್ರನೆ ತಿರುಗುತ್ತ, ಮತ್ತೆ ಸಾವಕಾಶ ಹೆಜ್ಜೆಯಿಡುತ್ತ ತನ್ನಷ್ಟಕ್ಕೆ ನಡೆಯುತ್ತಿದ್ದ.

"ರಜಕ್ಕೆ ಬಂದಾಗೆಲ್ಲ ಹಿಂಗೇ ಮಾರಾಯ್ರೆ, ಮೈಮೇಲೆ ಬಂದಂಗೆ" ಎಂದು ಪಕ್ಕದ ಮನೆಯ ಹೆಂಗಸು ನಕ್ಕಳು. ಆದರೆ ಅದು ಕುಣಿತವಲ್ಲ, ಲೆಕ್ಕಾಚಾರ. ಮುಂದಿನ ಪಂದ್ಯದ ಒಂದೊಂದು ತಿರುವನ್ನೂ ಅವನು ನೆಲದ ಮೇಲೆಯೇ ಹಾರಿ ಮುಗಿಸುತ್ತಿದ್ದ. ಸಂತೆಗೆ ಹೋಗುವ ಮುಂಚೆ ಜಗಲಿಯ ಮೇಲೆ ಕೂತು ಇಡೀ ವ್ಯಾಪಾರವನ್ನು ಮನಸ್ಸಿನಲ್ಲೇ ಒಮ್ಮೆ ಮಾಡಿ ಮುಗಿಸುವ ನನಗೆ ಅದು ತಿಳಿಯದೇ?

ಚಹಾ ಕುಡಿದ ಮೇಲೆ ಟವೆಲ್ಲು ಬಿಚ್ಚಿ, "ಕೈ ಕೊಡ್ರೀ" ಎಂದೆ. ನಗುತ್ತ ಕೊಟ್ಟ. ಬೆಚ್ಚಗಿನ, ಒಣಗಿದ, ಅಲುಗದ ಕೈ.

"ಹೆದರಿಕಿ ಇಲ್ಲೇನ್ರೀ?"

"ಇದೆ ಮಾರಾಯ್ರೆ. ಇಲ್ಲದೋರ ಪಕ್ಕ ನಾನು ಹಾರೋದೂ ಇಲ್ಲ." ಆಮೇಲೆ ತಾನಾಗಿಯೇ ಹೇಳಿದ: ಹಿಂದಿನ ವರ್ಷ ಕೊನೆಯ ಸುತ್ತಿನಲ್ಲಿ ಅವನೇ ಮುಂದಿದ್ದನಂತೆ. ತಿರುವಿನಲ್ಲಿ ಗಾಳಿ ಅಡ್ಡ ನೂಕಿತು. ಒಂದು ಚಣ ಮೊಂಡುತನ ಮಾಡಿದ್ದರೆ ಗೆದ್ದ ಕಪ್ ಅವನದೇ. ಅವನು ವಿಮಾನದ ಮೂತಿ ಎತ್ತಿ, ಕಂಬಗಳನ್ನೆಲ್ಲ ಕೆಳಗೆ ಬಿಟ್ಟು, ಮೇಲಕ್ಕೆ ಹೊರಟುಹೋದ.

"ಜನ ನಕ್ಕಿರಬೇಕಲ್ರೀ?"

"ನಕ್ಕರು. ನಗೋಕೆ ನಾನೂ ಇದ್ನಲ್ಲ, ನಾನೂ ನಕ್ಕೆ."

ಇಷ್ಟು ಹೇಳುವಾಗಲೂ ಅವನ ಬೆರಳು ಮಿಸುಕಲಿಲ್ಲ. ನನ್ನ ತೀರ್ಮಾನ ಅಲ್ಲಿಗೇ ಮುಗಿಯಿತು. ವ್ಯಾಪಾರದ ವಿದ್ಯೆಯೆಲ್ಲ ಬೆಲೆ ಇಳಿಸುವುದರಲ್ಲಿದೆ ಎಂದು ತಿಳಿದವರು ಹೊಸಬರು. ಅದಿರುವುದು ಎದ್ದು ಹೋಗುವುದರಲ್ಲಿ. ಮನಸ್ಸಿಗೆ ಹಿಡಿದ ಎತ್ತನ್ನು ಕಂಬಕ್ಕೇ ಬಿಟ್ಟು ಟವೆಲ್ಲು ಕೊಡವಿ ನಡೆಯಬಲ್ಲವನು ಎಂದೂ ಮುಳುಗುವುದಿಲ್ಲ. ಗೆಲ್ಲಲೇಬೇಕೆಂದು ಹೊರಟವರನ್ನು ಮಣ್ಣು ಮಾಡಿದ ಊರುಗಳು ಭೂಮಿಯ ಮೇಲೆ ಬೇಕಾದಷ್ಟಿವೆ, ಆಕಾಶದಲ್ಲೂ ಇರಬೇಕು.

ಮುಂದಿನ ವಾರ ಎರಡು ಕಡೆಯವರೂ ತೊಗರ್ಸಿಯ ಪಡಸಾಲೆಯಲ್ಲಿ ಸೇರಿದಾಗ ನಾನು ಎದೆ ತಟ್ಟಿ, "ಕೊಡಬಹುದು" ಎಂದೆ. ಗಂಗಮ್ಮ ಆಗಲಿ ಎಂದಳು, ಆದರೆ ಸೆರಗು ಕಣ್ಣಿನಿಂದ ಇಳಿಯಲಿಲ್ಲ. ಆಗ ವಿಶಾಲಾಕ್ಷಿ ನೆಟ್ಟಗೆ ಬಂದು ನನ್ನ ಹೆಗಲಿನ ಟವೆಲ್ಲನ್ನು ಎಳೆದುಕೊಂಡಳು.

"ಮಾವ, ನಿಮ್ಮ ವ್ಯಾಪಾರ ಮುಗೀತು. ನಂದು ಬಾಕಿ ಐತಿ." ಅಷ್ಟು ಹಿರಿಯರ ನಡುವೆ ಶಿವಪ್ರಕಾಶನ ಕೈಮೇಲೆ ಬಟ್ಟೆ ಹೊದಿಸಿ ಕೈ ಹಿಡಿದಳು.

"ಅಯ್ಯೋ ನಾಚಿಕಿಗೆಟ್ಟೋಳೆ!" ಎಂದು ಗಂಗಮ್ಮ ಅಳುವುದನ್ನೂ ಮರೆತಳು.

ಅಲುಗದ ಆ ಕೈ ಅಂದು ಅಲುಗಿತು. ಅವನು ಹಿಂದಕ್ಕೆ ಎಳೆದುಕೊಂಡ, ಅವಳು ಬಿಡಲಿಲ್ಲ. ಅವಳು ತಲೆಯಾಡಿಸಿದಳು, ಅವನು ಒಪ್ಪಲಿಲ್ಲ. ಟವೆಲ್ಲು ಮೀನು ಬಿದ್ದ ಬಲೆಯಂತೆ ಒದ್ದಾಡಿತು. ಕೊನೆಗೆ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಏನು ಕುದುರಿತೆಂದು ಕೇಳಿದರೆ, "ಟವೆಲ್ಲಿನ ಮಾತು ಹೊರಗ ಹೇಳ್ತಾರೇನು ಮಾವ?" ಎಂದಳು, ನನ್ನ ಪಾಠವನ್ನು ನನಗೇ ಒಪ್ಪಿಸುತ್ತ.

ಮದುವೆಯಾಯಿತು. ಅವನು ಒಂದು ವರ್ಷ ಸೋತ, ಮರುವರ್ಷ ಗೆದ್ದ, ಅದರ ಮರುವರ್ಷವೂ ಗೆದ್ದ. ಪೇಪರಿನಲ್ಲಿ ಬಂದ ಅವನ ಚಿತ್ರವನ್ನು ಸಂತೆಯಲ್ಲಿ ಎತ್ತುಗಳಿಗೊಂದು ಬಿಟ್ಟು ಎಲ್ಲರಿಗೂ ತೋರಿಸಿದೆ. ಅಷ್ಟರಲ್ಲಿ, ಇನ್ನೂ ಒಳ್ಳೆಯ ವಿಮಾನ ಕೊಡುತ್ತೇವೆಂದು ಜನ ಮುಂದೆ ಬಂದಾಗಲೇ, ಅವನು ಪಂದ್ಯ ಬಿಟ್ಟು ಪಾಠ ಹೇಳುವುದಕ್ಕಷ್ಟೇ ನಿಂತುಬಿಟ್ಟ. ಕಣ್ಣು ಹೋಗಿದೆ ಎಂದರು ಕೆಲವರು, ಎದೆ ಹೋಗಿದೆ ಎಂದರು ಕೆಲವರು.

ಊರಿಗೆ ಬಂದಾಗ ಕೇಳಿಯೇಬಿಟ್ಟೆ. ಅವನು ನನ್ನ ಟವೆಲ್ಲನ್ನು ನನ್ನ ಕೈಮೇಲೆಯೇ ಹೊದಿಸಿ ಮೂರು ಬೆರಳು ಒತ್ತಿದ.

"ಅವಳು ಒಂದೇ ವರ್ಷ ಅಂದ್ಲು ಮಾವ, ನಾನು ಐದು ಅಂದೆ. ಮೂರಕ್ಕೆ ಕುದುರ್ತು. ಈಗ ಮುಗೀತು, ಹೇಳಬಹುದು."

ಬದುಕೆಲ್ಲ ಚೌಕಾಸಿ ಮಾಡಿದ ನಾನು ಇಂಥ ವ್ಯಾಪಾರ ಕಂಡಿರಲಿಲ್ಲ. ಅವಳು ಬಿಟ್ಟುಕೊಟ್ಟದ್ದು ಎರಡು ವರ್ಷದ ನಿದ್ದೆ. ಅವನು ಬಿಟ್ಟುಕೊಟ್ಟದ್ದು ಎರಡು ವರ್ಷದ ಆಕಾಶ. ನಡುವೆ ದಲ್ಲಾಳಿಯಿಲ್ಲ, ಸಾಕ್ಷಿಯಿಲ್ಲ. ಗೆಲುವಿನ ನೆತ್ತಿಯ ಮೇಲಿದ್ದಾಗಲೂ ಅವನು ಮಾತು ಮುರಿಯಲಿಲ್ಲ. ಕಂಬಗಳನ್ನು ಕೆಳಗೆ ಬಿಟ್ಟು ಹೊರಡಬಲ್ಲನೆಂದು ನಾನು ಓದಿದ ಕೈ ಅದೇ. ಯಾರ ಸಲುವಾಗಿ ಹೊರಟೀತೆಂದು ಓದಿದವಳು ಅವಳು.

ಮೊನ್ನೆ ಮನೆಯಾಕೆ ಬಿಸಿನೀರಿನ ಮುಂದೆ ಟವೆಲ್ಲು ಹಿಡಿದು, "ಇದು ಜಾಳಾಗೈತಿ, ಬಿಸಾಕಿ ಹೊಸದು ತಗೊಳ್ರೀ" ಎಂದಳು. ನಾನು ಅದನ್ನು ಕಸಿದು ಅವಳ ಕೈಮೇಲೆಯೇ ಹಾಕಿ, "ಬೆಲಿ ಹೇಳು" ಎಂದೆ. ಊರ ಕೈಗಳನ್ನೆಲ್ಲ ಓದಿದವನು ಈ ಕೈಯ ಜೊತೆ ಒಮ್ಮೆಯೂ ವ್ಯಾಪಾರಕ್ಕೆ ಕೂತಿರಲಿಲ್ಲ. ಎಲ್ಲದರ ಬೆಲೆಯನ್ನೂ ನಾನೇ ಕೂಗಿ ನಾನೇ ಮುಗಿಸಿದ್ದೆ. ಬಿಸಿನೀರಲ್ಲಿ ನೆನೆದ ಕೈ. ಮೊದಲು ಅಲುಗಲಿಲ್ಲ. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಹುಡುಕಿ ಗಟ್ಟಿಯಾಗಿ ಒತ್ತಿತು.

ಎಷ್ಟು ಎಂದು ಕೇಳಬೇಡಿ. ಟವೆಲ್ಲಿನ ಮಾತು.