ಬೆನ್ನಕ್ಕನ ಸೀಮೆಸುಣ್ಣ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಮೊದಲ ಮಹಡಿಯ ವ್ಯಾಯಾಮಶಾಲೆಯಲ್ಲಿ ಟ್ಯೂಬ್‌ಲೈಟೊಂದು ಮಿಟುಕಿ, ಕೊಂಚ ಯೋಚಿಸಿ, ಹೊತ್ತಿಕೊಳ್ಳುತ್ತದೆ. ಕಬ್ಬಿಣಕ್ಕೆ ಇರುಳಿನ ತಂಪು ಇನ್ನೂ ಅಂಟಿಕೊಂಡಿದೆ. ಟೈರಂಗಡಿಯವನು ಕನ್ನಡಿಗೆ ಮುಖ ಮಾಡಿ ಕುಳಿತು, ತಲೆಯ ಮೇಲೆ ತೂಗುವ ಸರಳನ್ನು ಎದೆಯತ್ತ ಎಳೆಯುತ್ತಿದ್ದಾನೆ. ಅವನ ಹಿಂದೆ, ಕನ್ನಡಿಯ ಗೊಡವೆಗೇ ಹೋಗದೆ, ಬೆನ್ನಕ್ಕ ನಿಂತಿದ್ದಾರೆ. ಕೊರಳಲ್ಲಿ ಅಳತೆಯ ಟೇಪು. ಬೆರಳ ಸಂದಿಯಲ್ಲಿ ದರ್ಜಿಗಳು ಬಳಸುವ ಚಪ್ಪಟೆ ಸೀಮೆಸುಣ್ಣ. ಅವನ ಬನಿಯನ್ನಿನ ಮೇಲೆ, ಸೊಂಟದಿಂದ ನಾಲ್ಕು ಬೆರಳು ಮೇಲೆ, ಎಡಕ್ಕೊಂದು ಬಲಕ್ಕೊಂದು ಗೆರೆ ಎಳೆಯುತ್ತಾರೆ.

"ಇಲ್ಲಿಂದ ಎಳಿ. ಕೈಯಿಂದ ಬೇಡ."

"ಕೈಯಿಲ್ದೆ ಹೇಗಕ್ಕಾ ಎಳೀಲಿ?"

"ಕೈ ಬರೀ ಕೊಕ್ಕೆ ಕಣೋ. ಮೊಣಕೈನ ಪ್ಯಾಂಟಿನ ಜೇಬಿಗೆ ತುರುಕೋ ಹಾಗೆ ಇಳಿಸು."

ಅವನು ಇಳಿಸುತ್ತಾನೆ. ಸುಣ್ಣದ ಗೆರೆ ಕದಲುತ್ತದೆ. ಬೆನ್ನಕ್ಕನ ಮುಖದಲ್ಲೂ ಏನೋ ಕದಲುತ್ತದೆ.

ಬೆನ್ನಿನ ಎರಡು ಬದಿಗೆ ರೆಕ್ಕೆಯಂತೆ ಹರಡುವ ಸ್ನಾಯುವನ್ನು ಇಲ್ಲಿನವರು ರೆಕ್ಕೆಯೆಂದೇ ಕರೆಯುತ್ತಾರೆ. ಕಂಕುಳ ಕೆಳಗೆ ಅದು ಬೇಗ ಉಬ್ಬುತ್ತದೆ. ಸೊಂಟಕ್ಕೆ ಇಳಿಯುವ ಕೊನೆ ಮಾತ್ರ ಮುನಿಸಿಕೊಂಡ ಮಗುವಿನಂತೆ, ಎಷ್ಟು ಕರೆದರೂ ಓಗೊಡುವುದಿಲ್ಲ. ಅದನ್ನು ಕರೆದೆಬ್ಬಿಸುವುದೇ ಬೆನ್ನಕ್ಕನ ಕೆಲಸ. ಐದರಿಂದ ಒಂಬತ್ತರವರೆಗೆ ಇಪ್ಪತ್ತೆರಡು ಬೆನ್ನು. ವಾರಕ್ಕೆ ಎರಡು ಬಿಲ್ಲೆ ಸೀಮೆಸುಣ್ಣ. ಆಮೇಲೆ ಮೆಟ್ಟಿಲಿಳಿದರೆ ಕೆಳಗೇ ಅವರ ಹೊಲಿಗೆಯಂಗಡಿ.

ಅಂಗಡಿಗೆ ಇಪ್ಪತ್ತಾರು ವರ್ಷ. ಮೇಲಿನ ಹುಡುಗರ ಅಂಗಿಗಳೆಲ್ಲ ಒಂದೇ ದೂರು ಹೊತ್ತು ಇಳಿದು ಬರುತ್ತಿದ್ದವು. ಹನ್ನೊಂದು ವರ್ಷದ ಹಿಂದೆ ಒಂದು ದಿನ ಬೇಸತ್ತು ಬೆನ್ನಕ್ಕನೇ ಮೇಲೆ ಹತ್ತಿದರು. "ಮಾಸ್ಟ್ರೇ, ನಿಮ್ಮ ಹುಡುಗ್ರು ಮೇಲೆ ಮಾತ್ರ ಯಾಕೆ ಬೆಳೀತಾರೆ? ಕಂಕುಳಲ್ಲಿ ಹರಿಯುತ್ತೆ, ಕೆಳಗೆ ಜೋಲುತ್ತೆ. ಒಂದೇ ಅಂಗಿಗೆ ಎರಡೆರಡು ಅಳತೆ ಹಿಡಿದು ನನಗೆ ಸಾಕಾಯ್ತು." ವ್ಯಾಯಾಮಶಾಲೆಯ ಹಿರಿಯ ಮಾಸ್ಟರು ನಕ್ಕುಬಿಟ್ಟರು. ಒಂದು ವಾರ ಶಿಷ್ಯರ ಬೆನ್ನುಗಳನ್ನೇ ನೋಡಿದರು. ಮರುವಾರ ಆಕೆಗೊಂದು ಸ್ಟೂಲು ಹಾಕಿಸಿದರು.

ಕಲಿತದ್ದು ಸಲೀಸಾಗಿ ಅಲ್ಲ. ಪರರಿಗೆ ಹೇಳುವ ಮೊದಲು ತನ್ನ ಬೆನ್ನಿಗೇ ಹೇಳಬೇಕೆಂದು ನಲವತ್ತೊಂದನೆಯ ವಯಸ್ಸಿನಲ್ಲಿ ಕಬ್ಬಿಣ ಹಿಡಿದರು. "ಮೊದಲ ತಿಂಗಳು ಸೂಜಿಗೆ ದಾರ ಪೋಣಿಸೋಕೂ ಕೈ ಏಳ್ತಿರ್ಲಿಲ್ಲ" ಎನ್ನುತ್ತಾರೆ. 'ಗುಂಡಿ ಹಚ್ಚೋಳು ಗುಂಡು ಎತ್ತಿಸ್ತಾಳಂತೆ' ಎಂದು ಹಂಗಿಸಿದವರೂ ಉಂಟು. ಅವರಲ್ಲಿ ಇಬ್ಬರು ಈಗ ಆರು ಗಂಟೆಯ ಸರದಿಯಲ್ಲಿ ತೆಪ್ಪಗೆ ನಿಲ್ಲುತ್ತಾರೆ. ಮನೆಯಲ್ಲಿ ಯಜಮಾನರ ತಕರಾರು ಬೇರೆ: "ಕಂಡೋರ ಬೆನ್ನೆಲ್ಲ ನೋಡ್ತೀಯ, ನನ್ನ ಬೆನ್ನು ಯಾರು ನೋಡ್ಬೇಕು?" ಉತ್ತರ ಸಿದ್ಧವಾಗಿಯೇ ಇರುತ್ತದೆ: "ಅದನ್ನ ಕುರ್ಚಿ ನೋಡ್ಕೋತಿದೆಯಲ್ಲ!"

ಎಲ್ಲರಿಗೂ ಒಂದೇ ವ್ಯಾಯಾಮ ಕೊಡುವುದೆಂದರೆ ಎಲ್ಲರಿಗೂ ಒಂದೇ ಅಂಗಿ ಹೊಲಿದಂತೆ ಎಂಬುದು ಅವರ ನಿಲುವು. ಕೈಯಿಂದಲೇ ಎಳೆಯುವ ಚಟದವನಿಗೆ ನಿಂತು, ತೋಳು ಮಡಿಸದೆ, ಸರಳನ್ನು ತೊಡೆಯವರೆಗೆ ಇಳಿಸುವ ಪಾಠ. ಒಂದು ಬದಿ ಸೊರಗಿದವನಿಗೆ ಒಂದೇ ಕೈಯಲ್ಲಿ ಡಂಬೆಲ್. ಟೈರಂಗಡಿಯವನು ದಿನವಿಡೀ ಬಗ್ಗಿ ಟೈರು ಎತ್ತುವವನಾದ್ದರಿಂದ ಬಗ್ಗಿ ಎಳೆಯುವುದನ್ನು ಬಿಡಿಸಿ, ಇಳಿಜಾರು ಬೆಂಚಿಗೆ ಎದೆಯೊರಗಿಸಿ ಎಳೆಸುತ್ತಾರೆ. ಜೊತೆಗೆ, ಅಂಗೈ ಮುಖದತ್ತ ತಿರುಗಿಸಿ, ಸರಳನ್ನು ಕಿರಿದಾಗಿ ಹಿಡಿದು ಇಳಿಸುವುದು.

ಈ ಟೈರಂಗಡಿಯವನ ಚಿಂತೆಯೇ ಅವರಿಗೀಗ ದೊಡ್ಡದು. ವರ್ಷಕ್ಕೊಮ್ಮೆ ನಡೆಯುವ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಅವನು ಸತತ ಮೂರು ಸಲ ನಾಲ್ಕನೆಯವನು. ಎದುರಿಗೆ ನಿಂತಾಗ ಕೊರತೆಯಿಲ್ಲ. ತಿರುಗಿ ನಿಂತೊಡನೆ ಅಂಕ ಸೋರಿಹೋಗುತ್ತದೆ. ಈ ಸಲವೂ ಹಾಗೇ ಆದರೆ ಕಬ್ಬಿಣ ಮುಟ್ಟುವುದಿಲ್ಲವೆಂದು ಆರು ತಿಂಗಳ ಹಿಂದೆಯೇ ಹೇಳಿದ್ದಾನೆ. ಅಂದೇ ಬೆನ್ನಕ್ಕ ಅವನು ಎಳೆಯುವ ತೂಕವನ್ನು ಅರ್ಧಕ್ಕೆ ಇಳಿಸಿದರು.

"ಮಾನ ಹೋಗುತ್ತಕ್ಕಾ, ಹುಡುಗ್ರೆಲ್ಲ ನೋಡ್ತಾರೆ."

"ಮಾನ ತೂಗೋಕೆ ಇಲ್ಲಿ ಯಂತ್ರ ಇಲ್ಲ. ಮೆಲ್ಲಗೆ ಎಳಿ, ಇನ್ನೂ ಮೆಲ್ಲಗೆ ಬಿಡು."

ಇನ್ನೊಂದು ಮಾತನ್ನೂ ಅವರು ಮುಚ್ಚಿಡಲಿಲ್ಲ. "ನಿನ್ನ ರೆಕ್ಕೆ ಹುಟ್ಟಿನಿಂದ ಸ್ವಲ್ಪ ಮೇಲಕ್ಕೇ ಮುಗಿಯುತ್ತಪ್ಪ. ಇಲ್ಲದ ಬಟ್ಟೇನ ನಾನು ಹೊಲಿಯೋಕಾಗಲ್ಲ. ಇರೋದನ್ನ ಕೊನೇವರೆಗೂ ತುಂಬಿಸಬಹುದು, ಅಷ್ಟೆ." ಅವನು ಆ ದಿನ ಸರಳನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದನಂತೆ. ಮರುದಿನ ಮಾತ್ರ ಎಲ್ಲರಿಗಿಂತ ಮೊದಲು ಬಂದ.

ಭಾನುವಾರ ಸ್ಪರ್ಧೆ ಮುಗಿಯುತ್ತದೆ. ಸೋಮವಾರ ಬೆಳಿಗ್ಗೆ ಅವನ ಜಾಗ ಖಾಲಿ. ಬೆನ್ನಕ್ಕ ಬಾಗಿಲತ್ತ ನೋಡುತ್ತಲೇ ಇಪ್ಪತ್ತೊಂದು ಬೆನ್ನಿಗೆ ಗೆರೆ ಎಳೆಯುತ್ತಾರೆ.

ಸಂಜೆ ಅವನು ಕೆಳಗಿನ ಅಂಗಡಿಗೆ ಬರುತ್ತಾನೆ, ಕೈಯಲ್ಲೊಂದು ನೀಲಿ ಅಂಗಿ. "ಮತ್ತೆ ನಾಲ್ಕೇ ಅಕ್ಕಾ. ಸಾಕು ಬಿಡಿ. ಬೆಳಿಗ್ಗೆ ಟೈರು ಇಳಿಸುವಾಗ ಇದು ಬಿಟ್ಕೊಳ್ತು, ಹೊಲಿದುಕೊಡಿ. ಹೋಗ್ತೀನಿ."

ಬೆನ್ನಕ್ಕ ಅಂಗಿಯನ್ನು ದೀಪಕ್ಕೆ ಹಿಡಿಯುತ್ತಾರೆ. ಕಂಕುಳ ಹೊಲಿಗೆ ಗಟ್ಟಿಯಾಗಿದೆ. ಬಿಟ್ಟಿರುವುದು ಕೆಳಗೆ, ಸೊಂಟದಿಂದ ನಾಲ್ಕು ಬೆರಳು ಮೇಲೆ, ಎಡಕ್ಕೂ ಬಲಕ್ಕೂ.

"ಎಲ್ಲಿ ಬಿಟ್ಟಿದೆ ನೋಡಿದ್ಯಾ?"

ಅವನು ನೋಡುತ್ತಾನೆ. ಮತ್ತೆ ನೋಡುತ್ತಾನೆ.

ಬೆನ್ನಕ್ಕ ಅಂಗಿಯ ಒಳಮೈ ತಿರುಗಿಸಿ ಪಕ್ಕದ ಹೊಲಿಗೆಯನ್ನು ಬಿಚ್ಚುತ್ತಾರೆ. ಹೊರಗಿನ ನೀಲಿ ಬಿಸಿಲಿಗೆ, ಒಗೆತಕ್ಕೆ ಬಿಳಚಿಕೊಂಡಿದೆ. ಒಳಗೆ ಮಡಿಸಿಟ್ಟ ಪಟ್ಟಿ ಮಾತ್ರ ಕೊಂಡ ದಿನದ ಕಡುನೀಲಿಯಲ್ಲೇ ಕಾದಿದೆ. "ಮೂರು ವರ್ಷದ ಹಿಂದೆ ನಾನೇ ಹೊಲಿದದ್ದು. ಬೇರೆಯವರಿಗೆ ಅರ್ಧ ಇಂಚು ಒಳಗೆ ಬಿಡ್ತೀನಿ. ನಿನಗೆ ಒಂದೂವರೆ ಬಿಟ್ಟಿದ್ದೆ."

ಯಂತ್ರ ಕಟಕಟನೆ ಓಡಿ ನಿಲ್ಲುತ್ತದೆ. ಅವನು ಅಂಗಿ ತೊಟ್ಟು, ಬದಿಯಲ್ಲಿ ಹೊಸದಾಗಿ ಬೆಳಕು ಕಂಡ ಕಡುನೀಲಿ ಗೆರೆಯ ಮೇಲೆ ಹೆಬ್ಬೆರಳಾಡಿಸುತ್ತಾನೆ. ಹೊಸ್ತಿಲವರೆಗೆ ಹೋದವನು ತಿರುಗುತ್ತಾನೆ.

"ನಾಳೆ ಐದಕ್ಕೇನಾ?"

"ಹತ್ತು ನಿಮಿಷ ಮುಂಚೆ," ಬೆನ್ನಕ್ಕ ದಾರ ಕಡಿಯುತ್ತ ಹೇಳುತ್ತಾರೆ. "ಪೂರ್ತಿ ಬಿಚ್ಚಿಲ್ಲ ಕಣೋ. ಇನ್ನೂ ಅರ್ಧ ಇಂಚು ಒಳಗಿದೆ."