ಸಂಪಿಗೆ ವಾಸನೆಯ ಬೆಂಗಳೂರು ಮಾಲು

ಯಾರಾದರೂ ನನ್ನ ಮುಂದೆ ‘ಇದು ಬೆಂಗಳೂರು ಮಾಲು ಕಣ್ರೀ’ ಅಂದರೆ ಇವತ್ತಿಗೂ ನನಗೆ ಮೈ ಉರಿಯುತ್ತೆ. ಹೇಳಿದವರಿಗೆ ಪಾಪ ಏನೂ ಗೊತ್ತಿರಲ್ಲ, ಸೀರೆ ಬಗ್ಗೆಯೋ ಸ್ಟೀಲ್ ಪಾತ್ರೆ ಬಗ್ಗೆಯೋ ಹೇಳಿರ್ತಾರೆ. ನಾನು ಎದ್ದು ಒಳಗೆ ಹೋಗಿಬಿಡ್ತೀನಿ. ವಯಸ್ಸಾದ ಹಾಗೆ ಸಿಟ್ಟು ಇಳಿಯುತ್ತೆ ಅಂತಾರಲ್ಲ, ಸುಳ್ಳು. ನನ್ನದು ಇಳಿದಿಲ್ಲ, ಇಳಿಸಿಕೊಳ್ಳೋ ಆಸೆಯೂ ನನಗಿಲ್ಲ.

ನಾನು ಮದುವೆಯಾಗಿ ಅಜ್ಜಂಪುರಕ್ಕೆ ಬಂದಾಗ ಎಸ್ಸೆಸ್ಸೆಲ್ಸಿ ಪಾಸಾಗಿತ್ತು. ಮಾವನವರದು ಸ್ಟೇಷನ್ ಕಡೆ ಹೋಗೋ ದಾರಿಯಲ್ಲಿ ದಿನಸಿ ಅಂಗಡಿ, ಜೊತೆಗೆ ಈರುಳ್ಳಿ ವ್ಯಾಪಾರ. ನಮ್ಮ ಮನೆಯವರು ಅಪ್ಪನ ಅಂಗಡಿಯಲ್ಲೇ ತಕ್ಕಡಿ ಹಿಡಿಯೋರು. ಎಂಬತ್ತರ ಆಚೀಚಿನ ಮಾತು ಇದು. ಸಂಜೆ ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಕರೆಂಟು ತೆಗೆದುಬಿಡೋರು. ಅಂಗಡಿಯಲ್ಲಿ ಸಕ್ಕರೆಗಿಂತ ಬೇಗ ಮೇಣದ ಬತ್ತಿ ಖಾಲಿಯಾಗ್ತಿತ್ತು. ತರೀಕೆರೆಯಲ್ಲಿ ಸರ್ಕಾರದವರು ಹೆಂಗಸರಿಗೆ ಮೇಣದ ಬತ್ತಿ ಮಾಡೋದು ಕಲಿಸ್ತಾರಂತೆ ಅಂತ ಸುದ್ದಿ ಬಂದಾಗ ಮಾವನವರೇ ನನಗೆ, ಹೋಗಿ ಕಲಿತ್ಕೊಂಡು ಬಾ ಅಂದರು. ಸೊಸೆ ಮುಂದಕ್ಕೆ ಬರಲಿ ಅಂತಲ್ಲ. ಅಂಗಡಿಗೆ ಬೇಕಾದ ಮಾಲು ಮನೆಯಲ್ಲೇ ಆಗಲಿ ಅಂತ.

ದಿನಾ ಬಸ್ಸಿನಲ್ಲಿ ತರೀಕೆರೆಗೆ ಹೋಗಿ ಬಂದೆ. ಕಲಿಸೋ ಟೀಚರು ಒಳ್ಳೆಯವರು. ಅಲ್ಯೂಮಿನಿಯಂ ಅಚ್ಚಿಗೆ ಎಣ್ಣೆ ಸವರೋದು, ದಾರ ಬಿಗಿಯಾಗಿ ಎಳೆದು ಕಟ್ಟೋದು, ಮೇಣದ ಡಬ್ಬಾನ ಬೆಂಕಿಗೆ ನೇರವಾಗಿ ಇಡದೆ ಕುದಿಯೋ ನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸೋದು, ಎಲ್ಲ ತೋರಿಸಿದರು. ಬರೀ ಬಿಳಿ ಬತ್ತಿ. ಬಣ್ಣವಿಲ್ಲ, ವಾಸನೆಯಿಲ್ಲ. ವಾಸನೆಯ ಬತ್ತಿಯೂ ಇರುತ್ತೆ, ದೊಡ್ಡ ಊರಲ್ಲಿ ಹೋಟೆಲಿನವರು ಹಚ್ಚಿಡ್ತಾರೆ ಅಂತ ಒಂದು ದಿನ ಮಾತಿಗೆ ಹೇಳಿದರು. ಅದನ್ನ ಹೇಗೆ ಮಾಡೋದು ಅಂದರೆ ತಮಗೂ ಗೊತ್ತಿಲ್ಲ ಅಂದರು. ನನ್ನ ತಲೆಯಲ್ಲಿ ಅದೇ ಹುಳ ಹೊಕ್ಕಿತು.

ಮನೆಯಲ್ಲಿ ಅತ್ತೆಯವರ ಕಾಟ ಬೇರೆ. ಮೇಣಕ್ಕೆ ದನದ ಕೊಬ್ಬು ಹಾಕ್ತಾರೆ ಅಂತ ಯಾರೋ ಅವರ ಕಿವಿಗೆ ಊದಿದ್ದರು. ಲಿಂಗಪೂಜೆ ಆಗೋ ಮನೆ, ಅಡುಗೆ ಒಲೆ ಹತ್ತಿರ ಅದನ್ನ ತರಕೂಡದು ಅಂದರು. ಇದು ಸೀಮೆಎಣ್ಣೆ ಥರ ಭೂಮಿಯಿಂದ ಬರೋದು ಕಣತ್ತೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಸರಿ, ಬಚ್ಚಲಿಗೆ ಹೋದೆ. ಸ್ನಾನದ ನೀರು ಕಾಯಿಸೋ ಹಂಡೆಯ ಒಲೆಯೇ ನನ್ನ ಕಾರ್ಖಾನೆ. ಎಲ್ಲರ ಸ್ನಾನ ಮುಗಿದ ಮೇಲೆ ನಾನು ಒಳಗೆ. ಹೊಗೆಗೆ ಕಣ್ಣು ಉರಿ, ಕೆಳಗೆ ಪಾಚಿ ಜಾರಿಕೆ. ಅದೇ ಮೇಣದ ಬತ್ತಿ ಮಾರಿ ತಂದ ಅಕ್ಕಿ ಅಡುಗೆಮನೆಗೆ ಹೋಗೋದಕ್ಕೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ.

ವಾಸನೆ ಅಂದರೆ ನಮ್ಮಂಥವರ ಮನೆಯಲ್ಲಿ ಏನು? ಪನ್ನೀರು. ಮದುವೆಯಲ್ಲಿ ಬಂದವರ ಮೇಲೆಲ್ಲ ಚಿಮುಕಿಸ್ತೀವಲ್ಲ, ಅದು. ಒಂದು ಮಧ್ಯಾಹ್ನ ಬೇಗ ಆಗಲಿ ಅಂತ ಟೀಚರ ಮಾತು ಮರೆತು ಡಬ್ಬಾನ ನೇರ ಬೆಂಕಿಗೇ ಇಟ್ಟೆ. ಕಾದ ಮೇಣಕ್ಕೆ ಪನ್ನೀರು ಸುರಿದೆ. ಒಗ್ಗರಣೆಗೆ ನೀರು ಬಿದ್ದರೆ ಏನಾಗುತ್ತೆ? ಅದರ ನಾಕರಷ್ಟು. ಚಟಪಟ ಸಿಡಿದು ಗೋಡೆಗೆಲ್ಲ ಹಾರಿತು, ನನ್ನ ಮುಂಗೈಗೂ ಬಿತ್ತು. ಮೇಣ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತೆ, ಕೊಡವಿದರೂ ಬಿಡಲ್ಲ. ಅತ್ತೆ ಬಂದು ನೋಡಿ, ದೇವರ ಪನ್ನೀರನ್ನ ಕೊಬ್ಬಿಗೆ ಹಾಕಿದರೆ ಇನ್ನೇನಾಗುತ್ತೆ ಅಂದು ಹೋದರು. ಕೈಗೆ ಏನಾದರೂ ಹಚ್ಚಿಕೋ ಅನ್ನಲಿಲ್ಲ.

ನೋವಿಗಿಂತ ನನಗೆ ನನ್ನ ದಡ್ಡತನಕ್ಕೇ ಸಿಟ್ಟು ಬಂತು. ಪನ್ನೀರು ನೀರಲ್ಲವೇನೇ, ಮೇಣ ಎಣ್ಣೆ ಜಾತಿ ಅಲ್ಲವೇನೇ ಅಂತ ನನಗೆ ನಾನೇ ಬೈದುಕೊಂಡೆ. ತವರಲ್ಲಿ ಅಮ್ಮ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆಗೆ ಸಂಪಿಗೆ, ಮರುಗ ಹಾಕಿ ಬಿಸಿಲಿಗಿಡ್ತಿದ್ದಳು. ಹಾಗೇ ಮಾಡಿ ಆ ಎಣ್ಣೆ ಬೆರೆಸಿದೆ. ವಾಸನೆ ಅಷ್ಟಕ್ಕಷ್ಟೆ, ಬತ್ತಿ ಮಾತ್ರ ಮೆತ್ತಗಾಗಿ ಮಧ್ಯಾಹ್ನದ ಬಿಸಿಲಿಗೆ ಮುದುಕನ ಹಾಗೆ ಬಗ್ಗಿ ಕೂತಿತು. ಆಮೇಲೆ ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಅತ್ತರು ಮಾರೋ ಸಾಬರ ಹತ್ತಿರ ಸಂಪಿಗೆ ಅತ್ತರು ತಂದೆ. ಬಿಸಿ ಮೇಣಕ್ಕೆ ಹಾಕಿದರೆ ವಾಸನೆಯೆಲ್ಲ ಬಚ್ಚಲಿನ ಬೆಳಕಿಂಡಿಯಿಂದ ಊರ ಪಾಲು. ಬೆಂಕಿಯಿಂದ ಇಳಿಸಿ, ಮೇಲೆ ತೆಳ್ಳಗೆ ಕೆನೆ ಕಟ್ಟೋಕೆ ಶುರುವಾದಾಗ ಹನಿ ಹನಿ ಹಾಕಿ ತಿರುವಿ, ತಕ್ಷಣ ಅಚ್ಚಿಗೆ ಹುಯ್ಯಬೇಕು. ಇದನ್ನ ನನಗೆ ಯಾರೂ ಹೇಳಿಕೊಡಲಿಲ್ಲ. ಎಷ್ಟೋ ಸಲ ಹಾಳು ಮಾಡಿ ನಾನೇ ಕಲಿತೆ. ಉಳಿದ ಮೇಣಾನ ಹಳೇ ಇಡ್ಲಿ ತಟ್ಟೆಗೆ ಹುಯ್ದು ಸಣ್ಣ ಬಿಲ್ಲೆ ಮಾಡಿದೆ. ಕೆಂಡದ ಬೂದಿ ಮೇಲೆ ಚಿಕ್ಕ ತಟ್ಟೆ ಇಟ್ಟು ಬಿಲ್ಲೆ ಹಾಕಿದರೆ ಸುಮ್ಮನೆ ಕರಗುತ್ತಾ ಮನೆಯೆಲ್ಲ ಘಮ್ ಅಂತಿತ್ತು. ಈರುಳ್ಳಿ ಚೀಲದ ಘಾಟೂ ಮುಚ್ಚಿಹೋಗ್ತಿತ್ತು.

ನಮ್ಮ ಮನೆಯವರು ಒಂದು ಸಂಜೆ ಒಳಗೆ ಬಂದವರೇ, ಏನಿದು ಇಷ್ಟು ಚೆನ್ನಾಗಿದೆ ಅಂದರು. ನಾನು ಉಬ್ಬಿಹೋದೆ. ಮಾರನೇ ದಿನ ಮಾವನವರು ಬತ್ತಿಗಳನ್ನ ಅಂಗಡಿಗೆ ಒಯ್ದರು. ಸಂಜೆಯೊಳಗೆ ಖಾಲಿ. ಆಮೇಲೆ ಬೀರೂರು, ಕಡೂರು, ತರೀಕೆರೆ ಅಂಗಡಿಗಳಿಗೂ ಹೋಗೋಕೆ ಶುರುವಾಯಿತು.

ಒಂದು ದಿನ ಅಂಗಡಿಗೆ ಊಟದ ಡಬ್ಬಿ ಕೊಡೋಕೆ ಹೋದಾಗ ನನ್ನ ಕಿವಿಯಾರೆ ಕೇಳಿದೆ. ಗಿರಾಕಿಯೊಬ್ಬರು ಬತ್ತಿ ಮೂಸಿ ನೋಡಿ ಎಲ್ಲಿಯದು ಅಂತ ಕೇಳಿದರು. ಮಾವನವರು ತಲೆಯೆತ್ತದೆ, ಬೆಂಗಳೂರು ಮಾಲು, ಹೇಳಿ ತರಿಸಿದ್ದು ಅಂದರು. ನಾನು ಅಲ್ಲೇ ನಿಂತಿದ್ದೀನಿ! ಮುಂಗೈ ಮೇಲೆ ಸುಟ್ಟ ಕಲೆ ಇನ್ನೂ ಕೆಂಪಗಿದೆ. ರಾತ್ರಿ ಊಟಕ್ಕೆ ಬಡಿಸುವಾಗ, ಯಾಕೆ ಮಾವ ಹಾಗಂದ್ರಿ ಅಂತ ಕೇಳಿದೆ. ಅವರಿಗೆ ಬೇಜಾರೇನೂ ಆಗಲಿಲ್ಲ.

“ಹಿತ್ತಲ ಗಿಡ ಮದ್ದಲ್ಲ ಕಣಮ್ಮ. ಸೊಸೆ ಬಚ್ಚಲಲ್ಲಿ ಮಾಡಿದ್ದು ಅಂದ್ರೆ ಯಾರ್ ಮೂಸ್ತಾರೆ ಹೇಳು?”

ಮೂಸಿದ್ದನ್ನ ನಾನು ನೋಡಿದ್ದೆ. ಆದರೂ ನುಂಗಿಕೊಂಡೆ. ವ್ಯಾಪಾರದವರ ಮಾತೇ ಹಾಗೆ ಅಂದುಕೊಂಡೆ.

ಅಷ್ಟರಲ್ಲಿ ಅಜ್ಜಂಪುರದಲ್ಲೂ ಹೆಂಗಸರಿಗೆ ಅಂಥದೇ ತರಗತಿ ಶುರು ಮಾಡ್ತಾರೆ, ಕಲಿಸೋಕೆ ಇಲ್ಲಿಯವರೇ ಒಬ್ಬರು ಬೇಕು ಅಂತ ತಿಳೀತು. ಮಾಡಿದ ಮಾಲು ತಗೊಂಡು ತರೀಕೆರೆ ಕಚೇರಿಗೆ ಬರಬೇಕು, ನೋಡಿ ಆರಿಸ್ತಾರೆ. ಆ ಸುದ್ದಿ ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಕಿಟಕಿ ಇರೋ ಒಂದು ಕೋಣೆ, ನಿಂತು ಕೆಲಸ ಮಾಡೋ ಒಂದು ಒಲೆ, ಟೀಚರ್ ಅಂತ ಕರೆಯೋ ನಾಲ್ಕು ಹೆಂಗಸರು. ಬೇರೇನೂ ಬೇಡ ಅನ್ನಿಸಿತ್ತು. ನಮ್ಮ ಮನೆಯವರನ್ನ ಒಪ್ಪಿಸಿದೆ. ಮಾವನವರು ನೋಡೋಣ ಅಂದರು. ಬೇಡ ಅನ್ನಲಿಲ್ಲವಲ್ಲ, ಅಷ್ಟು ಸಾಕಾಯಿತು. ಇರೋದರಲ್ಲೇ ಒಳ್ಳೇ ಬತ್ತಿ, ಬಿಲ್ಲೆ ಆರಿಸಿ ಬಾಳೆಲೆಯಲ್ಲಿ ಸುತ್ತಿ, ಬ್ಯಾಗಿಗೆ ಬಿಸಿಲು ತಾಗದ ಹಾಗೆ ಒದ್ದೆ ಬಟ್ಟೆ ಹೊದಿಸಿ ಬಸ್ಸು ಹತ್ತಿದೆ. ನಮ್ಮ ಮನೆಯವರೂ ಜೊತೆಗೆ ಬಂದರು.

ನನಗೆ ಕಲಿಸಿದ್ದ ಟೀಚರಿಗೆ ಆಗಲೇ ವರ್ಗವಾಗಿ ಹೋಗಿತ್ತು. ಇದ್ದವರು ಹೊಸ ಅಧಿಕಾರಿಣಿ. ಕೆಟ್ಟವರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಬತ್ತಿ ಕೈಗೆ ತಗೊಂಡರು, ಮೂಸಿದರು. ಮುಖ ಅರಳಿ ಮತ್ತೆ ಸಪ್ಪಗಾಯಿತು. ಇದನ್ನ ಇಲ್ಲೇ ಅಂಗಡಿಯಲ್ಲಿ ನಾನೇ ಕೊಂಡುಕೊಂಡಿದ್ದೀನಿ, ಬೆಂಗಳೂರಿಂದ ಬರೋ ಮಾಲು ಅಂತ ಅಂಗಡಿಯವರೇ ಹೇಳಿದ್ದಾರೆ ಅಂದರು. ಬಿಳಿ ಬತ್ತಿ ಕಲಿತವರು ಕೊಂಡ ಬತ್ತಿ ತಂದು ತೋರಿಸಬಾರದಮ್ಮ ಅಂದರು, ಮೆತ್ತಗೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಗಸರೆಲ್ಲ ನನ್ನನ್ನ ಕಳ್ಳಿ ನೋಡಿದ ಹಾಗೆ ನೋಡಿದರು.

ಒಂದು ಒಲೆ, ಒಂದು ಡಬ್ಬಾ ಕೊಡಿ ಮೇಡಂ, ನಿಮ್ಮ ಕಣ್ಣೆದುರಿಗೇ ಮಾಡ್ತೀನಿ ಅಂದೆ. ಅವರು ಒಪ್ಪಿದರು. ಆದರೆ ಅದಕ್ಕೂ ಮೊದಲು, ಹೇಗೂ ಮನೆಯವರ ಒಪ್ಪಿಗೆ ಬೇಕಲ್ಲ ಅಂತ ಬಾಗಿಲ ಹತ್ತಿರ ನಿಂತಿದ್ದ ನಮ್ಮವರ ಕಡೆ ತಿರುಗಿದರು.

“ಏನ್ರೀ, ಇದನ್ನ ನಿಮ್ಮನೆಯವರೇ ಮಾಡಿದ್ದಾ? ನೀವು ಹೌದು ಅಂದ್ರೆ ನಾನು ನಂಬ್ತೀನಿ.”

ನಾನು ಅವರ ಮುಖ ನೋಡಿದೆ. ಬಚ್ಚಲಿಗೆ ಸೌದೆ ತಂದು ಹಾಕಿದವರು ಅವರು. ನನ್ನ ಕೈ ಸುಟ್ಟಾಗ ರಾತ್ರಿ ಬೆಣ್ಣೆ ಹಚ್ಚಿದವರೂ ಅವರೇ. ಹೌದು ಅನ್ನೋಕೆ ಎರಡಕ್ಷರ ಸಾಕು. ಅವರು ಜೇಬಿನಿಂದ ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು.

“ಅಪ್ಪನ್ನ ಒಂದ್ ಮಾತು ಕೇಳ್ಬೇಕು ಮೇಡಂ,” ಅಂದರು.

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ! ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಗಂಡನೇ ಹೌದು ಅನ್ನದ ಮೇಲೆ ಒಲೆಯ ಮಾತು ಅಲ್ಲಿಗೇ ಬಿತ್ತು. ಅಧಿಕಾರಿಣಿ ಬತ್ತಿ ವಾಪಸ್ ಕೊಟ್ಟು ಮುಂದಿನವರನ್ನ ಕರೆದರು.

ವಾಪಸ್ ಬಸ್ಸಿನಲ್ಲಿ ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಬಸ್ಸಿನವರೆಲ್ಲ ಇಳಿದು ಹೋಗಬೇಕಿತ್ತು. ಮನೆಗೆ ಬಂದು ಮಾವನವರ ಮುಂದೆ ನಿಂತೆ. ಆಗಿದ್ದನ್ನೆಲ್ಲ ಹೇಳಿದೆ. ಅವರು ನಕ್ಕರು. ಆಫೀಸಿನವರೇ ಬೆಂಗಳೂರು ಮಾಲು ಅಂದುಕೊಂಡರು ಅಂದರೆ ಎಷ್ಟು ಚೆನ್ನಾಗಿ ಮಾಡಿದ್ದೀಯ ನೋಡು ಅಂದರು. ಹೊಗಳಿಕೆಯಂತೆ ಅದು! ನಾಳೆ ನನ್ನ ಜೊತೆ ಬಂದು, ನನ್ನ ಸೊಸೆಯೇ ಮಾಡಿದ್ದು ಅಂತ ಒಂದು ಮಾತು ಹೇಳಿ ಸಾಕು ಅಂತ ಕೇಳಿಕೊಂಡೆ. ಆಗ ಅವರ ನಗು ನಿಂತಿತು.

“ಕಡೂರಿಂದ ತರೀಕೆರೇವರ್ಗೂ ಅಂಗಡಿಯೋರಿಗೆಲ್ಲ ಬೆಂಗಳೂರು ಮಾಲು ಅಂತ ಹೇಳಿದ್ದೀನಿ. ಈಗ ಅಲ್ಲ ಅಂದ್ರೆ ನನ್ನ ಮಾತಿಗೆ ಏನ್ ಬೆಲೆ ಉಳೀತದೆ?”

ಸುಳ್ಳಿಗೂ ಮರ್ಯಾದೆ ಇದೆ ಅಂತ ನನಗೆ ಅವತ್ತು ಗೊತ್ತಾಯಿತು. ಆ ಕೆಲಸ ಬೇರೆಯವರಿಗೆ ಹೋಯಿತು. ನಮ್ಮೂರಿನ ತರಗತಿಯಲ್ಲಿ ಅವರು ಬಿಳಿ ಬತ್ತಿಯನ್ನೇ ಕಲಿಸಿದರು. ನಾನು ಅಚ್ಚುಗಳನ್ನ ಗೋಣಿಗೆ ಕಟ್ಟಿ ಅಟ್ಟಕ್ಕೆ ಹಾಕಿದೆ.

ಅಂಗಡಿಗಳಿಂದ ಬೇಡಿಕೆ ಬರ್ತಾನೇ ಇತ್ತು. ಮಾಡಮ್ಮ ಅಂತ ಅತ್ತೆ ಹೇಳಿದರು, ನಮ್ಮ ಮನೆಯವರ ಕೈಲೂ ಹೇಳಿಸಿದರು. ನಾನು ರೊಟ್ಟಿ ತಟ್ಟಿದೆ, ನೀರು ಸೇದಿದೆ, ಮೇಣ ಮಾತ್ರ ಮುಟ್ಟಲಿಲ್ಲ. ಕೊನೆಗೆ ಮಾವನವರು ನಿಜವಾಗಲೂ ರೈಲು ಹತ್ತಿ ಬೆಂಗಳೂರಿಗೆ ಹೋದರು! ಎಲ್ಲೆಲ್ಲೋ ಹುಡುಕಿ ಕೆಂಪು ಬಣ್ಣದ ಬತ್ತಿ ತಂದರು. ಹಚ್ಚಿದರೆ ಸೋಪಿನ ವಾಸನೆ. ಕಡೂರಿನ ಅಂಗಡಿಯವರು ಆ ಮಾಲನ್ನ ವಾಪಸ್ ಕಳಿಸಿ, ಇದು ಡೂಪ್ಲಿಕೇಟು, ಒರಿಜಿನಲ್ ಬೆಂಗಳೂರು ಮಾಲು ಕಳಿಸಿ ಅಂತ ಹೇಳಿ ಕಳಿಸಿದರು. ಅದನ್ನ ಕೇಳಿ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು.

ಅವತ್ತು ಸಂಜೆ ಮಾವನವರು ಅಂಗಡಿ ಬಿಟ್ಟು ಹಿತ್ತಲಿಗೆ ಬಂದರು. ಅಷ್ಟು ವರ್ಷದಲ್ಲಿ ನಾನು ಕೆಲಸ ಮಾಡೋ ಜಾಗಕ್ಕೆ ಅವರು ಬಂದಿದ್ದು ಅದೇ ಮೊದಲು. ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ನಿಂತು, ಏನಾದರೂ ಮಾಡಮ್ಮ, ಅಂಗಡಿ ಹೆಸರು ಹೋಗ್ತಿದೆ ಅಂದರು. ಆಗಲಿ ಮಾವ, ಕಡೂರಿನವರಿಗೆ ನನ್ನ ಹೆಸರು ಹೇಳಿ, ನಾಳೆಯೇ ಒಲೆ ಹಚ್ತೀನಿ ಅಂದೆ. ಅವರು ತಲೆ ತಗ್ಗಿಸಿದರು. ಪಾಪ ಅನ್ನಿಸಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಅನ್ನಿಸಲಿಲ್ಲ. ಆಮೇಲೆ ಒಳಗೆ ಹೋದರು. ಮಾರನೇ ದಿನ ಕಡೂರು, ತರೀಕೆರೆ, ಬೀರೂರಿನ ಅಂಗಡಿಗಳಿಗೆಲ್ಲ ಆ ಬೆಂಗಳೂರಿನ ಕಂಪನಿ ಮುಚ್ಚಿಹೋಯಿತು, ಇನ್ನು ಮಾಲು ಬರಲ್ಲ ಅಂತ ಹೇಳಿ ಕಳಿಸಿದರು.